ಗಿರಾಕಿಗೆ ಗಾಯವಾದರೆ ಯಾವ ಪಾಲಿಸಿ?

ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿಗೆ ಬೆಂಕಿ ವಿಮೆ ಇದ್ದರೆ ಕಟ್ಟಡ, ಸಾಮಾನಿಗೆ ರಕ್ಷಣೆ. ಸಿಲಿಂಡರ್ ಸಿಡಿದು ಗಾಯಗೊಂಡ ಗಿರಾಕಿಯ ಪರಿಹಾರಕ್ಕೆ ಅದು ಬರುವುದಿಲ್ಲ. ಅದಕ್ಕೆ ಪಬ್ಲಿಕ್ ಲಯಬಿಲಿಟಿ ಪಾಲಿಸಿ, ಅಂದರೆ ಹೊರಗಿನವರಿಗೆ ನೀವು ಕೊಡಬೇಕಾದ ಪರಿಹಾರದ ವಿಮೆ ಬೇಕು. ದೋಸೆ ಹುಯ್ಯುವ ಭಟ್ಟರಿಗೆ ಸುಟ್ಟರೆ ಇದೂ ಬರದು, ನೌಕರರ ಪರಿಹಾರದ ಪಾಲಿಸಿ ಬೇರೆ. ತಿಂದವರ ಹೊಟ್ಟೆ ಕೆಟ್ಟರೆ? ಆಹಾರ-ಪಾನೀಯದ ಹೆಚ್ಚುವರಿ ರಕ್ಷಣೆ ಸೇರಿದೆಯೇ ಎಂದು ಮೊದಲೇ ನೋಡಿ.

ಪಬ್ಲಿಕ್ ಲಯಬಿಲಿಟಿ ಪಾಲಿಸಿಯಲ್ಲಿ ಮಿತಿ ಎರಡಿರುತ್ತದೆ. ಒಂದು ಅವಘಡಕ್ಕೆ 10 ಲಕ್ಷ, ವರ್ಷಕ್ಕೆ 20 ಲಕ್ಷ ಎಂದಿದ್ದರೆ, ಒಂದೇ ಸ್ಫೋಟದಲ್ಲಿ ಐವರಿಗೆ ಗಾಯವಾದರೂ ಎಲ್ಲರಿಗೂ ಸೇರಿ 10 ಲಕ್ಷವೇ. ಮೊದಲ ಮಿತಿಯಲ್ಲಿ ಜಿಪುಣತನ ಬೇಡ.

ಹೆಚ್ಚು ಪೆಟ್ಟು ಬೀಳುವುದು ನವೀಕರಣ ತಪ್ಪಿದಾಗ. ಪಾಲಿಸಿಯಲ್ಲಿ ‘ರೆಟ್ರೋಆಕ್ಟಿವ್ ದಿನಾಂಕ’ ಎಂದಿರುತ್ತದೆ, ಅಂದರೆ ಯಾವ ದಿನದಿಂದ ಆದ ಅವಘಡಗಳಿಗೆ ರಕ್ಷಣೆ ಎಂಬುದು. ಸಾಮಾನ್ಯವಾಗಿ ಅವಘಡ ಆ ದಿನಾಂಕದ ನಂತರ ಆಗಿರಬೇಕು, ಗಾಯಾಳುವಿನ ಕ್ಲೇಮೂ (ಪರಿಹಾರದ ಬೇಡಿಕೆ) ಪಾಲಿಸಿ ಚಾಲ್ತಿಯಲ್ಲಿರುವಾಗಲೇ ಬರಬೇಕು. ನಡುವೆ ಬಿಟ್ಟುಹೋದರೆ ಆ ದಿನಾಂಕ ಹೊಸದಾಗಿ ಶುರುವಾಗುತ್ತದೆ. ಹಳೆ ಅವಘಡಕ್ಕೆ ಆಮೇಲೆ ನೋಟಿಸ್ ಬಂದರೆ ಹಣ ನಿಮ್ಮ ಗಲ್ಲಾದಿಂದಲೇ. ಕಂಪನಿ ಬದಲಿಸುವಾಗಲೂ ಹಳೆಯ ದಿನಾಂಕವನ್ನೇ ಬರೆಸಿಕೊಳ್ಳಿ, ದಯವಿಟ್ಟು.

ಅವಘಡವಾದ ಕೂಡಲೇ ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿ, ಆದರೆ ಕಂಪನಿಯ ಒಪ್ಪಿಗೆಯಿಲ್ಲದೆ “ತಪ್ಪು ನಮ್ಮದೇ, ಇಷ್ಟು ಕೊಡುತ್ತೇವೆ” ಎಂದು ಬರೆದುಕೊಡಬೇಡಿ, ಕ್ಲೇಮು ತಿರಸ್ಕಾರವಾಗಬಹುದು.