ಸೈಕಲ್ ತುಳಿಯೋದಕ್ಕಿಂತ ಕೇಳೋದೇ ಕಷ್ಟ

ಬಾಸ್ಟನ್ ಸುತ್ತಮುತ್ತ ಇರುವವರಿಗೆ ಆಗಸ್ಟ್ ಬಂತು ಅಂದ್ರೆ ಪ್ಯಾನ್ ಮಾಸ್ ಚಾಲೆಂಜ್ ಬಂತು ಅಂತಲೇ ಅರ್ಥ. ಸ್ಟರ್‌ಬ್ರಿಜ್‌ನಿಂದ ಹೊರಟು ಕೇಪ್ ಕಾಡ್‌ನ ತುತ್ತತುದಿಯ ಪ್ರಾವಿನ್ಸ್‌ಟೌನ್ ತನಕ ಎರಡು ದಿನ ಸೈಕಲ್, ಸುಮಾರು 300 ಕಿಲೋಮೀಟರ್. ಸವಾರರು ಎತ್ತಿದ ಹಣವೆಲ್ಲ ಡೇನಾ-ಫಾರ್ಬರ್ ಕ್ಯಾನ್ಸರ್ ಸಂಸ್ಥೆಗೆ ಹೋಗುತ್ತದೆ. ತಾಯಿಯನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ಬಿಲ್ಲಿ ಸ್ಟಾರ್ 1980ರಲ್ಲಿ ಇದನ್ನು ಶುರು ಮಾಡಿದಾಗ 36 ಜನ ಸೇರಿ 10,200 ಡಾಲರ್ ಎತ್ತಿದ್ದರು. 2024ರ ಹೊತ್ತಿಗೆ ಒಟ್ಟು ಮೊತ್ತ ನೂರು ಕೋಟಿ ಡಾಲರ್ ದಾಟಿದೆ.

ನಾನು ಹೆಸರು ಕೊಟ್ಟಾಗ ಹೆದರಿದ್ದು ದೂರಕ್ಕಲ್ಲ. ಚಳಿ ಬಿಟ್ಟ ಮೇಲೆ ದಿನಾ ಬೆಳಿಗ್ಗೆ ತುಳಿದರೆ ಕಾಲು ತಾನಾಗೇ ಪಳಗುತ್ತದೆ. ಹಣ ಕೇಳೋದು ಹೇಗೆ? ಒಪ್ಪಿಕೊಂಡಷ್ಟು ಎತ್ತದೇ ಹೋದರೆ ಉಳಿದದ್ದು ನಮ್ಮ ಕಾರ್ಡಿನಿಂದಲೇ ಕಟ್ಟಬೇಕು, ಅದು ಇಲ್ಲಿನ ನಿಯಮ. ಆಫೀಸಿನವರಿಗೆ ಒಂದು ಮೇಲ್ ಬರೆಯಲು ಮೂರು ರಾತ್ರಿ ಕೂತೆ. ಪ್ರತಿ ಸಾಲಿನಲ್ಲೂ 'ತೊಂದರೆ ಕೊಡ್ತಿದ್ದೇನೆ, ಕ್ಷಮಿಸಿ' ಅಂತಲೇ ಬರುತ್ತಿತ್ತು. ಕೊನೆಗೆ ಅದೆಲ್ಲ ಅಳಿಸಿ ಜಿಮ್ಮಿಯ ಕಥೆ ಬರೆದೆ.

1948ರಲ್ಲಿ ಬಾಸ್ಟನ್‌ನ ಆಸ್ಪತ್ರೆಯಲ್ಲಿ 12 ವರ್ಷದ ಹುಡುಗನೊಬ್ಬನಿದ್ದ. ಕರುಳಿನಲ್ಲಿ ಕ್ಯಾನ್ಸರ್. ಗುರುತು ಗೊತ್ತಾಗದಿರಲಿ ಅಂತ ಅವನನ್ನು ಜಿಮ್ಮಿ ಅಂತ ಕರೆದರು. ರೇಡಿಯೋದವರು ಅವನ ಹತ್ತಿರ ಮಾತಾಡುತ್ತಿದ್ದ ಹಾಗೇ ಅವನ ಮೆಚ್ಚಿನ ಬೇಸ್‌ಬಾಲ್ ತಂಡದ ಆಟಗಾರರು ವಾರ್ಡಿನೊಳಗೆ ಬಂದು ಮಂಚದ ಸುತ್ತ ನಿಂತರು. ಅವನಿಗೆ ಬೇಕಾಗಿದ್ದದ್ದು ಆಟ ನೋಡಲು ಒಂದು ಟಿವಿ. ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಕೇಳುಗರಿಂದ 20,000 ಡಾಲರ್ ಸೇರಿದರೆ ಟಿವಿ ಅಂದರು. ಜನ ಕೊಟ್ಟಿದ್ದು 2,31,000 ಡಾಲರ್‌ಗೂ ಜಾಸ್ತಿ! ಡೇನಾ-ಫಾರ್ಬರ್‌ಗೆ ಇವತ್ತಿಗೂ ಹಣ ಕೂಡಿಸುತ್ತಿರುವ ಜಿಮ್ಮಿ ಫಂಡ್ ಹುಟ್ಟಿದ್ದು ಹೀಗೆ. ಹುಡುಗ ಬದುಕಿದ. ಅವನ ನಿಜವಾದ ಹೆಸರು ಐನಾರ್ ಗುಸ್ಟಾಫ್‌ಸನ್ ಅಂತ ಲೋಕಕ್ಕೆ ಗೊತ್ತಾಗಿದ್ದು 50 ವರ್ಷದ ನಂತರ. ತೀರಿಕೊಂಡಿದ್ದು 2001ರಲ್ಲಿ, 65ನೇ ವಯಸ್ಸಿಗೆ.

ಅವನಿಗೆ ಚಿಕಿತ್ಸೆ ಕೊಟ್ಟಿದ್ದು ಡಾ. ಸಿಡ್ನಿ ಫಾರ್ಬರ್ ಅವರ ತಂಡ. 1948ರಲ್ಲೇ ಫಾರ್ಬರ್, ಬ್ಲಡ್ ಕ್ಯಾನ್ಸರ್ ಇದ್ದ 16 ಮಕ್ಕಳಲ್ಲಿ 10 ಮಕ್ಕಳು ಅಮಿನಾಪ್ಟೆರಿನ್ ಔಷಧಿಯಿಂದ ಸ್ವಲ್ಪ ಕಾಲವಾದರೂ ಚೇತರಿಸಿಕೊಂಡರು ಅಂತ ತೋರಿಸಿದರು. ಆ ಔಷಧಿ ಬಂದಿದ್ದು ಯಾರ ಪ್ರಯೋಗಾಲಯದಿಂದ ಗೊತ್ತಾ? ಆಂಧ್ರದ ಭೀಮವರಂನ ಯಲ್ಲಾಪ್ರಗಡ ಸುಬ್ಬರಾವ್ ಅವರದ್ದರಿಂದ. ಆ ವರ್ಷದ ಆಗಸ್ಟ್‌ನಲ್ಲೇ ಅವರು ತೀರಿಕೊಂಡರು, ಇನ್ನೂ 53 ವರ್ಷ. ಇಲ್ಲಿ ಇಷ್ಟು ವರ್ಷ ಇದ್ದೂ ಇದು ನನಗೆ ಗೊತ್ತಿರಲಿಲ್ಲ. ಮೇಲ್‌ನಲ್ಲಿ ಅವರ ಹೆಸರು ಬರೆಯುವಾಗ ಕಣ್ಣು ತುಂಬಿ ಬಂತು. ಆಗ ಬ್ಲಡ್ ಕ್ಯಾನ್ಸರ್ ಬಂದರೆ ಮಗು ಉಳಿಯುವುದಿಲ್ಲ ಅಂತಲೇ ಲೆಕ್ಕ. ಈಗ ಇಲ್ಲಿ ಮಕ್ಕಳಲ್ಲಿ ಜಾಸ್ತಿ ಕಾಣುವ ಬ್ಲಡ್ ಕ್ಯಾನ್ಸರ್‌ನಿಂದ ಹತ್ತರಲ್ಲಿ ಒಂಬತ್ತು ಮಕ್ಕಳು ಉಳಿಯುತ್ತಾರೆ. ಆದರೆ ಎಲ್ಲ ಕ್ಯಾನ್ಸರ್‌ಗಳೂ ಹಾಗಿಲ್ಲ. ಮಿದುಳಿನ ಕೆಲವು ಗಡ್ಡೆಗಳಿಗೆ ಇನ್ನೂ ಸರಿಯಾದ ಮದ್ದೇ ಇಲ್ಲ. ಕಾಯಿಲೆಯ ಮಕ್ಕಳ ಸಂಖ್ಯೆ ಕಡಿಮೆ, ಹಾಗಾಗಿ ಅವರಿಗೆಂದೇ ಔಷಧಿ ಹುಡುಕಲು ಕಂಪನಿಗಳಿಗೆ ಅಷ್ಟು ಆಸಕ್ತಿ ಇರುವುದಿಲ್ಲ. ಅದಕ್ಕೇ ಇಂಥ ಹಣ ಬೇಕು.

ಮೇಲ್ ಕಳಿಸಿದ ಮರುದಿನದಿಂದ ಹಣ ಬರತೊಡಗಿತು. ಸಂಜೆ ಆಫೀಸ್ ಗುಡಿಸಲು ಬರುವ ಹೆಂಗಸಿಗೆ ನಾನು ಮೇಲ್ ಕಳಿಸಿರಲಿಲ್ಲ. ಯಾರೋ ಹೇಳಿದ್ದರಂತೆ. ನಾಲ್ಕು ಮಡಿಕೆ ಮಾಡಿದ್ದ ಹತ್ತು ಡಾಲರ್ ನೋಟನ್ನು ನನ್ನ ಕೈಗಿಟ್ಟು, ತಮ್ಮನ ಹೆಸರು ಹೇಳಿ, "ಸೈಕಲ್ ಮೇಲೆ ಬರ್ಕೊಳ್ತೀರಾ?" ಅಂದಳು. ಬಿಳಿ ಟೇಪ್ ತುಂಡಿನ ಮೇಲೆ ಬರೆದು ಹ್ಯಾಂಡಲ್ ಪಕ್ಕ ಅಂಟಿಸಿದೆ. ಆಮೇಲೆ ಬೇರೆಯವರೂ ಹೆಸರು ಕೊಟ್ಟರು. ಹೊರಡುವ ದಿನದ ಹೊತ್ತಿಗೆ ಹನ್ನೊಂದು ಆಗಿತ್ತು.

ಮೊದಲ ದಿನ ಬೆಳಗಿನ ಏರುಗಳು ಸುಸ್ತು ಮಾಡಿಸಿದವು. ಮಧ್ಯಾಹ್ನದ ಹೊತ್ತಿಗೆ ತೊಡೆ ಹಿಡಿದುಕೊಂಡಿತು. ನೀರು ಕುಡಿಯಲು ನಿಂತ ಕಡೆ ಚಿಕಿತ್ಸೆಯಲ್ಲಿದ್ದ ಮಕ್ಕಳು ಅಪ್ಪ ಅಮ್ಮನ ಜೊತೆ ಬಂದಿದ್ದರು. ಏಳೆಂಟು ವರ್ಷದ ಹುಡುಗನೊಬ್ಬ ನನ್ನ ಸೈಕಲ್ ಹತ್ತಿರ ಬಂದು ನಿಂತ. ತಲೆಯಲ್ಲಿ ಹೊಸ ಕೂದಲು ಆಗಷ್ಟೇ ಮೂಡುತ್ತಿತ್ತು, ತೆಳ್ಳಗೆ. ಟೇಪ್ ಮೇಲಿನ ಹೆಸರುಗಳನ್ನು ಒಂದೊಂದೇ ಬೆರಳಿಟ್ಟು ಓದಿದ. ಮೊದಲನೆಯದರ ಮೇಲೆ ಬೆರಳು ವಾಪಸ್ ತಂದು ಕೇಳಿದ:

"ಇವನಿಗೂ ಕೀಮೋನಾ?"

ಹೌದು ಅಂದೆ. ಸ್ವಲ್ಪ ಯೋಚಿಸಿ ನನ್ನ ಬೆಲ್ ಹೊಡೆದ. ಆಮೇಲೆ ಎರಡನೇ ಹೆಸರಿಗೆ ಒಂದು ಸಲ, ಮೂರನೆಯದಕ್ಕೆ ಒಂದು ಸಲ. ಹನ್ನೊಂದೂ ಮುಗಿಸಿದ ಮೇಲೆ ಟೇಪ್ ಇದೆಯಾ ಅಂತ ಕೇಳಿದ. ಪಂಕ್ಚರ್ ಸಾಮಾನಿನ ಚೀಲದಲ್ಲಿ ಉಳಿದಿದ್ದ ತುಂಡು ಕೊಟ್ಟೆ. ತನ್ನ ಹೆಸರು ದೊಡ್ಡದಾಗಿ ಬರೆದು ತಾನೇ ಅಂಟಿಸಿದ, ಸ್ವಲ್ಪ ಸೊಟ್ಟಗೆ. ಅಂಟಿಸಿ ತನಗೂ ಒಂದು ಸಲ ಬೆಲ್ ಹೊಡೆದುಕೊಂಡ.

ಸೈಕಲ್ ಈಗ ಗ್ಯಾರೇಜಿನಲ್ಲಿದೆ. ಉಳಿದ ಹೆಸರುಗಳ ಶಾಯಿ ಮಳೆಗೆ ಸ್ವಲ್ಪ ಹರಡಿದೆ, ಅವನದು ಮಾತ್ರ ಹಾಗೇ ಇದೆ. ಮುಂದಿನ ವರ್ಷದ ಮೇಲ್ ಬರೆಯಲು ಶುರು ಮಾಡಿದ್ದೇನೆ.