ಹಿತ್ತಲಿನ ವೀಳ್ಯದೆಲೆ ಬಳ್ಳಿ: ಹಂಬು ಇಳಿಸಿದ್ದಾಯಿತು

ಏಪ್ರಿಲ್ 13

ಬಿಸಿಲು ಜೋರು. ಪಶ್ಚಿಮದ ಕಡೆಯ ನಾಲ್ಕು ಎಲೆಗಳ ಅಂಚು ಸುಟ್ಟಿದೆ. ಎರಡು ತೆಂಗಿನ ಗರಿ ಅಡ್ಡ ಕಟ್ಟಿದೆ. ಬೆಳಿಗ್ಗೆ ಒಂದು ಬಿಂದಿಗೆ, ಸಂಜೆ ಅರ್ಧ. ಬುಡದ ಮೇಲೆ ತರಗೆಲೆ ಹೊದಿಸಿದ್ದರಿಂದ ಮಧ್ಯಾಹ್ನ ಬೆರಳಿಟ್ಟರೂ ಮಣ್ಣು ತಣ್ಣಗಿದೆ.

ಜೂನ್ 8

ಬಳ್ಳಿ ನೆಟ್ಟು ಒಂದು ವರ್ಷವಾಯಿತು. ಆಸರೆಯ ಹಾಲುವಾಣ ಮರದ ಮೇಲೆ ಎಂಟಡಿ ಹತ್ತಿದೆ. ಒಳ್ಳೆಯ ಎಲೆಯೆಲ್ಲ ಮೇಲೆ, ಕೆಳಗೆ ಬರೀ ಹಂಬು. ಇವತ್ತು ಇಳಿಸಿದೆ.

ಅದಕ್ಕೆ ಮುಂಚೆ ಮೊದಲ ಬಳ್ಳಿಯ ವಿಷಯ ಬರೆದಿಡಬೇಕು. ಅದು ಸತ್ತಿದ್ದು ನನ್ನ ಕೈಯಿಂದಲೇ. ಎಲೆಬಳ್ಳಿಗೆ ನೀರು ಬೇಕೇ ಬೇಕು ಎಂದು ಕೇಳಿದ್ದೆ, ನೀರು ನಿಲ್ಲಲೆಂದೇ ಬುಡದ ಸುತ್ತ ಆಳವಾಗಿ ಪಾತಿ ಮಾಡಿದ್ದೆ. ಮೈಸೂರಿನಲ್ಲಿ ಅಕ್ಟೋಬರ್ ಮಳೆ ಹೇಗೆಂದು ಗೊತ್ತಲ್ಲ, ದಸರಾ ಮುಗಿದ ವಾರ ಮೂರು ರಾತ್ರಿ ಸುರಿಯಿತು. ಎಲೆಗಳು ಹಸಿರಾಗಿದ್ದಂತೆಯೇ ಜೋತುಬಿದ್ದವು. ಬಾಯಾರಿದೆ ಎಂದುಕೊಂಡು ಇನ್ನೂ ಒಂದು ಬಿಂದಿಗೆ ಹಾಕಿದೆ. ಆಮೇಲೆ ಕೆದರಿ ನೋಡಿದರೆ ಬುಡದ ಗಣ್ಣು ಕಪ್ಪಗಾಗಿ, ಮುಟ್ಟಿದೊಡನೆ ಸಿಪ್ಪೆ ಬೆರಳಿಗೆ ಬಂತು. ಬುಡಕೊಳೆ. ಇದನ್ನು ತರುವ, ಶಿಲೀಂಧ್ರದಂಥ ರೋಗಾಣು ಫೈಟಾಫ್ತೊರಾದ ಬೀಜಾಣುಗಳು ನಿಂತ ನೀರಿನಲ್ಲಿ ಈಜಿಕೊಂಡು ಬೇರಿಗೆ ತಲುಪುತ್ತವೆ. ನಾನು ಅವಕ್ಕೆ ಕೆರೆಯನ್ನೇ ಕಟ್ಟಿಕೊಟ್ಟಿದ್ದೆ.

ಎರಡನೇ ಸಲ ಕಡ್ಡಿ ಕೊಟ್ಟವರು ನಂಜನಗೂಡು ರಸ್ತೆಯ ಕಡೆ ಎಲೆತೋಟ ಮಾಡಿದ್ದ ಹಿರಿಯರು. ನನ್ನ ಗುಂಡಿ ನೋಡಿ, "ನೀರು ಕುಡಿಸಪ್ಪ, ನೀರಲ್ಲಿ ಕೂರಿಸಬೇಡ" ಅಂದರು. ಗುಂಡಿ ಮುಚ್ಚಿ ಒಂದಡಿ ಎತ್ತರದ ಏರಿ ಹಾಕಿದೆ. ಕೆಮ್ಮಣ್ಣು, ಮರಳು, ಕಳಿತ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ. ನಾಲ್ಕು ಗಣ್ಣಿನ ಕಡ್ಡಿಗಳಲ್ಲಿ ಎರಡು ಗಣ್ಣು ಮಣ್ಣೊಳಗೆ. ಐದರಲ್ಲಿ ಮೂರು ಹಿಡಿದವು.

ಇನ್ನು ಇವತ್ತಿನ ಕೆಲಸ. ಗಣ್ಣಿನ ಬೇರುಗಳು ಹಾಲುವಾಣದ ತೊಗಟೆಯನ್ನು ಕಚ್ಚಿಕೊಂಡಿರುತ್ತವೆ, ಎಳೆದರೆ ಹಂಬು ಮುರಿಯುತ್ತದೆ. ಬೆರಳು ತೂರಿಸಿ ಒಂದೊಂದೇ ಗಣ್ಣು ಬಿಡಿಸಬೇಕು. ಮೂರು ಬಳ್ಳಿಗೆ ಒಂದೂವರೆ ಗಂಟೆ ಹಿಡಿಯಿತು. ಎಲೆಯಿಲ್ಲದ ಭಾಗವನ್ನು ಬುಡದಲ್ಲಿ ಬಳೆಯ ಹಾಗೆ ಸುತ್ತಿ, ಎರಡು ಇಂಚು ಮಣ್ಣು ಗೊಬ್ಬರ ಮುಚ್ಚಿದೆ. ತುದಿಯ ಮೂರಡಿಯನ್ನು ಮತ್ತೆ ಮರಕ್ಕೆ ನಿಲ್ಲಿಸಿ ನೆನೆಸಿದ ಬಾಳೆಪಟ್ಟೆಯಿಂದ ಕಟ್ಟಿದೆ. ಗೋಣಿದಾರ ಬೇಡ, ಹಂಬು ದಪ್ಪವಾದಾಗ ಕುಯ್ಯುತ್ತದೆ.

ಕೊಳೆ ಬಾರದಿರಲೆಂದು ಬುಡಕ್ಕೆ ಬೋರ್ಡೊ ದ್ರಾವಣ ಸುರಿದೆ. ಒಂದು ಲೀಟರಿಗೆ 10 ಗ್ರಾಂ ಮೈಲುತುತ್ತ (ತಾಮ್ರದ ಸಲ್ಫೇಟ್), 10 ಗ್ರಾಂ ಸುಣ್ಣ, ಬೇರೆ ಬೇರೆ ಪ್ಲಾಸ್ಟಿಕ್ ಡಬ್ಬದಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯುವುದು. ತಿಳಿ ನೀಲಿ ಬಣ್ಣ ಬಂತು. ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿದರೆ ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತು. ಹಾಗಾದರೆ ಸುಣ್ಣ ಸಾಲದು. ಇನ್ನೊಂದು ಚಿಟಿಕೆ ಹಾಕಿ ಮತ್ತೆ ಅದ್ದಿದೆ, ಅಲಗು ಬೆಳ್ಳಗೇ ಉಳಿಯಿತು. ಎಲೆಯ ಮೇಲೆ ಒಂದು ಹನಿಯೂ ಬೀಳದ ಹಾಗೆ ಸುರಿದೆ, ಬಾಯಿಗೆ ಹಾಕುವ ಎಲೆ ಅದು.

ಇಳಿಸುವ ಮುಂಚೆ ಕಿತ್ತದ್ದು ನಲವತ್ತೆರಡು ಎಲೆ. ಮೈಸೂರೆಲೆಯ ಆ ನಯ, ಆಮೇಲೆ ನಾಲಿಗೆಗೆ ಏರುವ ಖಾರ ಎರಡೂ ಇವೆ. ಅಮ್ಮ ಊಟವಾದ ಮೇಲೆ ಎರಡು ಹಾಕಿಕೊಂಡು, "ದೇವರಾಜ ಮಾರುಕಟ್ಟೆ ಎಲೆಯಂಗೇ ಇದೆ ಕಣೋ" ಅಂದರು. ನನಗೆ ಅಷ್ಟು ಸಾಕಿತ್ತು.

ಜುಲೈ 6

ಜಿಟಿಜಿಟಿ ಮಳೆ, ಏರಿಯಿಂದ ನೀರು ಸಲೀಸಾಗಿ ಇಳಿದುಹೋಗುತ್ತಿದೆ. ಹಾಲುವಾಣದ ಎರಡು ಕೊಂಬೆ ಕಡಿದು ಬೆಳಕು ಬಿಟ್ಟೆ. ಹೂತ ಹಂಬಿನಿಂದ ಐದು ಚಿಗುರು ಎದ್ದಿವೆ, ಕೆಂಗಂದು ಬಣ್ಣ, ಅತಿ ಉದ್ದದ್ದು ಒಂದು ಗೇಣು. ಮರದ ಕಡೆ ತಿರುಗಿಸಿ ಕಟ್ಟಲು ಬಾಳೆಪಟ್ಟೆ ನೆನೆಹಾಕಿದ್ದೇನೆ.