ಹಳೆ ಕೊಡಲಿ ಸಿಕ್ಕರೆ ಮೊದಲು ಓದಿ, ಆಮೇಲೆ ಉಜ್ಜಿ

ಮೂರು ವರ್ಷದ ಹಿಂದೆ ಬಳ್ಳಾರಿಯ ಕೌಲ್ ಬಜಾರ್ ಕಡೆ ಒಂದು ಗುಜರಿ ಅಂಗಡಿಯಲ್ಲಿ ನನಗೆ ಮೊದಲ ಹಳೆ ಕೊಡಲಿ ಸಿಕ್ಕಿತು. ಕಾವು, ಅಂದರೆ ಮರದ ಹಿಡಿ, ಇರಲಿಲ್ಲ, ಬರೀ ತಲೆ. ತಕ್ಕಡಿಗೆ ಹಾಕಿ 120 ರೂಪಾಯಿ ತಗೊಂಡರು. ಮನೆಗೆ ತಂದವನೇ ಗ್ರೈಂಡರ್‌ಗೆ ತಂತಿ ಬ್ರಷ್ ಹಾಕಿ ತುಕ್ಕೆಲ್ಲ ಎಬ್ಬಿಸಿದೆ, ಅದು ಸಾಲದು ಅಂತ ಕಲ್ಲಿನ ಡಿಸ್ಕ್ ಹಾಕಿ ಎರಡೂ ಕಡೆ ಸವರಿದೆ, ಬಾಯಿಗೂ ಹಿಡಿದೆ. ಅರ್ಧ ಗಂಟೆಯಲ್ಲಿ ಹೊಸ ಪಾತ್ರೆ ಥರ ಹೊಳೆಯಿತು. ಬಾಯಿಯ ಅಂಚಿನಲ್ಲಿ ಮಾತ್ರ ನವಿಲುಗರಿಯ ನೀಲಿ ಕಾಣಿಸಿತು, ಚೆನ್ನಾಗಿದೆ ಅಂದುಕೊಂಡೆ.

ಕಾವು ಹಾಕಿಸೋಣ ಅಂತ ಕುರುಗೋಡು ರಸ್ತೆಯ ಕಂಬಾರ ಅಜ್ಜನ ಹತ್ತಿರ ಒಯ್ದೆ. ಅವರು ಏನೂ ಮಾತಾಡದೆ ಅರ ತಗೊಂಡು ಬಾಯಿಗೆ ಒಂದು ಸಲ ಎಳೆದರು. ಅರ ಕಬ್ಬಿಣವನ್ನು ಸಲೀಸಾಗಿ ತಿಂದಿತು. "ಇದರ ನೀರು ಹೋಗೇತಿ ತಮ್ಮಾ," ಅಂದರು. "ಮಷಿನ್ ಹಚ್ಚೀ ಏನು?"

ನೀರು ಅಂದರೆ ಹದ. ಉಕ್ಕನ್ನು ಕೆಂಪಗೆ ಕಾಯಿಸಿ ನೀರಿಗೋ ಎಣ್ಣೆಗೋ ಅದ್ದಿದಾಗ ಗಾಜಿನ ಹಾಗೆ ಗಟ್ಟಿಯಾಗುತ್ತದೆ, ಆದರೆ ಏಟಿಗೆ ಚಕ್ಕೆ ಏಳುತ್ತದೆ. ಅದಕ್ಕೆ ಮತ್ತೆ ಸ್ವಲ್ಪ ಕಾಯಿಸಿ ಹದಕ್ಕೆ ತರುತ್ತಾರೆ. ಸುಮಾರು 220-230 ಡಿಗ್ರಿಗೆ ಉಕ್ಕಿನ ಮೇಲೆ ಒಣ ಹುಲ್ಲಿನ ಬಣ್ಣ ಬರುತ್ತದೆ, 300ರ ಹತ್ತಿರ ನೀಲಿ. ಬಿಸಿ ಏರಿದಷ್ಟೂ ಉಕ್ಕು ಮೆತ್ತಗಾಗುತ್ತದೆ. ಅಂದರೆ ನಾನು ಮೆಚ್ಚಿಕೊಂಡ ನೀಲಿ ಬಣ್ಣವೇ ಬಾಯಿ ಮೆತ್ತಗಾದ ಗುರುತು. ಹದವನ್ನೇನೋ ಅಜ್ಜ ಮತ್ತೆ ಕಾಯಿಸಿ, ಬಡಿದು, ನೀರು ಹಾಕಿ ವಾಪಸ್ ತಂದರು. ಕೊಡಲಿಯ ಮಗ್ಗುಲಲ್ಲಿದ್ದ ಅಕ್ಷರ ಮಾತ್ರ ವಾಪಸ್ ಬರಲಿಲ್ಲ. ಇಂಗ್ಲಿಷಿನ ಒಂದು 'ಡಬ್ಲ್ಯೂ' ಅರ್ಧ ಉಳಿದಿತ್ತು, ಅಷ್ಟೇ.

ಆ ಅರ್ಧ ಅಕ್ಷರ ಈಗಲೂ ನನ್ನನ್ನು ಕಾಡುತ್ತದೆ. ಯಾಕೆಂದರೆ ಬ್ರಿಟಿಷರ ಕಾಲದಲ್ಲಿ ಇಂಗ್ಲೆಂಡಿನ ಕಾರ್ಖಾನೆಗಳಿಂದ ಕೊಡಲಿ ಗುದ್ದಲಿಗಳು ಅವರ ಆಳ್ವಿಕೆಯ ದೇಶಗಳಿಗೆಲ್ಲ ಹೋಗುತ್ತಿದ್ದವು. ವೆಡ್ನೆಸ್‌ಬರಿ ಅನ್ನೋ ಊರಿನ 'ಎಲ್ವೆಲ್' ಒಂದು. ಓಲ್ಡ್‌ಬರಿಯ 'ಬ್ರೇಡ್ಸ್' ಇನ್ನೊಂದು, ಅದರ ಮಾಲೀಕರು ವಿಲಿಯಂ ಹಂಟ್ ಅಂಡ್ ಸನ್ಸ್, ಹಾಗಾಗಿ 'ಡಬ್ಲ್ಯೂ ಎಚ್ ಎಸ್' ಅನ್ನೋ ಮುದ್ರೆಯೂ ಅವರದೇ. ಎರಡು ಹೆಸರಲ್ಲೂ 'ಡಬ್ಲ್ಯೂ' ಇದೆ, ಅಲ್ವಾ. ನಾನು ಸವರಿ ಹಾಕಿದ್ದು ಯಾವುದು ಅಂತ ಇನ್ನು ಯಾರೂ ಹೇಳಲಾರರು.

ಆಮೇಲಿಂದ ಕೊಡಲಿ ಸಿಕ್ಕರೆ ಮೊದಲ ದಿನ ನಾನು ಏನೂ ಮಾಡಲ್ಲ. ಮಣ್ಣು ತೊಳೆದು, ಒಣಗಿಸಿ, ರಾತ್ರಿ ದೀಪ ಆರಿಸಿ ಟಾರ್ಚನ್ನು ಅಡ್ಡಡ್ಡ ಹಿಡಿದು ನೋಡುತ್ತೇನೆ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಅಡ್ಡ ಬೆಳಕಿನಲ್ಲಿ ನೆರಳಾಗಿ ಎದ್ದು ಬರುತ್ತದೆ. ಸ್ವಲ್ಪ ತುಕ್ಕು ಹೋದ ಮೇಲೆ ವಿಭೂತಿ ಸವರಿ ಬಟ್ಟೆಯಿಂದ ಒರೆಸಿದರೆ ತಗ್ಗಿನಲ್ಲಿ ಬಿಳಿ ನಿಂತು ಇನ್ನೂ ಚೆನ್ನಾಗಿ ಓದಬಹುದು. ಹೀಗೆ ನೋಡಿದಾಗಲೇ ಎರಡನೇ ಕೊಡಲಿಯ ಮೇಲೆ 'ಎಲ್ವೆಲ್' ಅಂತ ಪೂರ್ತಿ ಹೆಸರು, ಕೆಳಗೆ 1943, ಪಕ್ಕದಲ್ಲಿ ಕೋಳಿ ಹೆಜ್ಜೆಯಂಥ ಮೂರು ಗೆರೆ ಕಂಡಿದ್ದು. ಆ ಹೆಜ್ಜೆ ಬ್ರಿಟಿಷ್ ಸರಕಾರದ ಸ್ವತ್ತು ಅನ್ನೋ ಮುದ್ರೆ. ಇಸವಿ ನೋಡಿದರೆ ಎರಡನೇ ಮಹಾಯುದ್ಧದ ಕಾಲದ್ದು. ಬಳ್ಳಾರಿ ಒಂದು ಕಾಲಕ್ಕೆ ದಂಡು ಇದ್ದ ಊರು ಅನ್ನೋದು ನಿಜ, ಆದರೆ ಅಷ್ಟಕ್ಕೇ 'ಇದು ನಮ್ಮ ದಂಡಿನ ಕೊಡಲಿ' ಅಂತ ಕಥೆ ಕಟ್ಟಬಾರದು. ಮುದ್ರೆ ಯಾರ ಸ್ವತ್ತು ಅಂತ ಹೇಳುತ್ತದೆ, ಯಾವ ದಾರಿಯಲ್ಲಿ ಬಂತು ಅಂತ ಹೇಳುವುದಿಲ್ಲ.

ಮುದ್ರೆಯೇ ಇಲ್ಲದ ಕೊಡಲಿಗಳೇ ಜಾಸ್ತಿ. ನನಗೆ ಅವೇ ಹೆಚ್ಚು ಇಷ್ಟ. ಕಾವು ಹಾಕುವ ತೂತಿನ ಒಳಗೆ ನೋಡಿ. ಕಬ್ಬಿಣದ ಪಟ್ಟಿಯನ್ನು ಸಲಾಕೆಯ ಸುತ್ತ ಮಡಚಿ ಕುಲುಮೆಯಲ್ಲೇ ಬೆಸೆದಿದ್ದರೆ ಕೂಡಿದ ಜಾಗದಲ್ಲಿ ಸಣ್ಣ ಗೆರೆ ಸಿಗುತ್ತದೆ. ಅದು ಯಾವುದೋ ಊರಿನ ಕಂಬಾರರ ಕೈ ಕೆಲಸ. ಮಡಚಿದ ಎರಡು ತುದಿಗಳ ನಡುವೆ ಉಕ್ಕಿನ ತುಂಡು ಇಟ್ಟು ಬಾಯಿ ಮಾಡಿರುತ್ತಾರೆ. ಉಕ್ಕು ದುಬಾರಿ, ಬೇಕಾದ ಕಡೆ ಮಾತ್ರ ಹಾಕುತ್ತಿದ್ದರು. ತುಕ್ಕು ತೆಗೆಯಲು ಒಂದು ದಿನ ವಿನೆಗರ್‌ನಲ್ಲಿ ಮುಳುಗಿಸಿ ತೆಗೆದಾಗ ಇದು ತಾನಾಗಿ ಕಾಣುತ್ತದೆ. ಗಟ್ಟಿ ಉಕ್ಕು ಕಪ್ಪಗೆ, ಮೆತ್ತನೆ ಕಬ್ಬಿಣ ತಿಳಿ ಬೂದಿ ಬಣ್ಣಕ್ಕೆ, ನಡುವೆ ಕೆರೆ ದಂಡೆಯ ಹಾಗೆ ಒಂದು ಗೆರೆ. ಎಷ್ಟು ಉಕ್ಕು ಉಳಿದಿದೆ ಅನ್ನೋದೂ ಆಗಲೇ ಗೊತ್ತಾಗುತ್ತದೆ. ಹತ್ತಾರು ಸಲ ಹಣಿಸಿ ಹಣಿಸಿ ಸವೆದು ಒಂದು ಬೆರಳಗಲ ಉಕ್ಕು ಉಳಿದ ಕೊಡಲಿ ನೋಡಿದ್ದೇನೆ. ವಿನೆಗರ್‌ನಿಂದ ತೆಗೆದ ತಕ್ಷಣ ಅಡಿಗೆ ಸೋಡಾ ನೀರಲ್ಲಿ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿಬಿಡಿ, ಇಲ್ಲದಿದ್ದರೆ ಕಣ್ಣೆದುರಿಗೇ ಮತ್ತೆ ತುಕ್ಕು ಹಿಡಿಯುತ್ತದೆ.

ನಮ್ಮೂರ ಹತ್ತಿರದ ಸಂಗನಕಲ್ಲಿನಲ್ಲಿ ಸುಮಾರು 4000 ವರ್ಷದ ಹಿಂದೆ ಕಲ್ಲಿನ ಕೊಡಲಿ ಮಾಡುತ್ತಿದ್ದರು. ಅಲ್ಲಿನ ಕರಿಕಲ್ಲನ್ನು ಚಕ್ಕೆ ಎಬ್ಬಿಸಿ, ಕುಟ್ಟಿ, ಕೊನೆಗೆ ಬಂಡೆಗೆ ಉಜ್ಜುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಯಲ್ಲಿ ಬಿದ್ದ ತಗ್ಗುಗಳು ಇನ್ನೂ ಇವೆ. ಬಳ್ಳಾರಿಯಲ್ಲೇ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಹೆಸರಿನ ಮ್ಯೂಸಿಯಂ ಇದೆ, ಹೋಗಿ ನೋಡಿ. ಆ ಕಾಲದ ಎಷ್ಟೋ ಕೊಡಲಿಗಳಲ್ಲಿ ಬಾಯಿ ಮಾತ್ರ ನುಣುಪು, ಹಿಂಭಾಗ ಕುಟ್ಟಿದ ಹಾಗೇ ಒರಟು. ಅದನ್ನು ನೋಡಿ ಬಂದ ಮೇಲೆ ನಾನೂ ಬಾಯಿಯನ್ನು ಬಿಟ್ಟು ಬೇರೆಲ್ಲೂ ಅರ ಹಚ್ಚಿಲ್ಲ. ಬಾಯಿಗೂ ಅರ ಮತ್ತು ಸಾಣೆಕಲ್ಲು, ನಡುನಡುವೆ ನೀರು. ಬೆರಳಿಗೆ ಬಿಸಿ ತಾಗಿದರೆ ನಿಲ್ಲಿಸುವುದು.

ತೂತಿನಲ್ಲಿ ಮುರಿದ ಕಾವು ಸಿಕ್ಕಿಕೊಂಡಿದ್ದರೆ ಬೆಂಕಿಗೆ ಹಾಕಿ ಸುಡಬೇಡಿ, ಇದು ನಮ್ಮ ಕಡೆ ಎಲ್ಲರೂ ಮಾಡುವ ತಪ್ಪು, ಹದ ಅಲ್ಲೇ ಹೋಗುತ್ತದೆ. ಡ್ರಿಲ್‌ನಿಂದ ತೂತು ಹಾಕಿ ಕುಟ್ಟಿ ತೆಗೆಯಿರಿ. ಹಾಗೇ, ಸಡಿಲಾದ ಕೊಡಲಿಯನ್ನು ನೀರಲ್ಲಿ ನೆನೆಹಾಕುವುದೂ ಬೇಡ. ಆಗ ಬಿಗಿಯಾಗುತ್ತದೆ ನಿಜ, ಆದರೆ ಉಬ್ಬಿದ ಕಟ್ಟಿಗೆ ಕಬ್ಬಿಣದ ನಡುವೆ ಅಮುಕಿ ಹೋಗಿರುತ್ತದೆ, ನಮ್ಮ ಬೇಸಿಗೆಗೆ ಒಣಗಿದಾಗ ಮೊದಲಿಗಿಂತ ಸಡಿಲ. ಬೀಸಿದಾಗ ತಲೆ ಹಾರಿದರೆ ಎದುರಿಗಿದ್ದವರ ಗತಿ ಏನು? ಅದರ ಬದಲು ಹೊಸ ಬೆಣೆ ಹೊಡೆದು ಅಗಸೆ ಎಣ್ಣೆ ಕುಡಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಕಬೇಡಿ, ಅದು ತಾನಾಗಿ ಕಾದು ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ.

ಎಲ್ವೆಲ್ ಕೊಡಲಿಗೆ ಕರಿಜಾಲಿಯ ಕಾವು ಕೆತ್ತುತ್ತಿದ್ದೇನೆ. ಕಟ್ಟಿಗೆಯ ಎಳೆ ಬಾಯಿಯ ನೇರಕ್ಕೆ ಬರುವ ಹಾಗೆ ಆರಿಸಿಕೊಂಡೆ, ಅಡ್ಡ ಬಂದರೆ ಬೇಗ ಸೀಳುತ್ತದೆ. ತುಂಡು ನೆರಳಲ್ಲಿ ಒಣಗಲು ಇಟ್ಟು ಹತ್ತು ತಿಂಗಳಾಯಿತು. ಆಯುಧ ಪೂಜೆಗೆ ಮುಗಿಸು ಅಂತ ಅವ್ವ ಹೇಳಿದ್ದಾಳೆ. ಕುಂಕುಮವನ್ನು ಹೆಸರಿನ ಮೇಲೆ ಹಚ್ಚಬೇಡ, ಪಕ್ಕದಲ್ಲಿ ಹಚ್ಚು ಅಂತ ನಾನೂ ಹೇಳಿದ್ದೇನೆ.